ಮಕ್ಕಳ ಜೊತೆ ಹಾಯಿದೋಣೀಲಿ ವಿಟ್ಸಂಡೇ ದ್ವೀಪ ಸುತ್ತೋದು ಹೇಗೆ

ಆಸ್ಟ್ರೇಲಿಯಾದಲ್ಲಿರೋ ನಮ್ಮವರು ತುಂಬ ಜನ ಕೇಳ್ತಾರೆ, ಲೈಸೆನ್ಸ್ ಇಲ್ದೆ ದೋಣಿ ಕೊಡ್ತಾರಾ ಅಂತ. ಕೊಡ್ತಾರೆ. ಕ್ವೀನ್ಸ್‌ಲ್ಯಾಂಡಲ್ಲಿ, ಈ ದ್ವೀಪಗಳ ಎದುರು ದಡದಲ್ಲಿರೋ ಏರ್ಲಿ ಬೀಚ್ ಅನ್ನೋ ಊರಲ್ಲಿ ಬಾಡಿಗೆಗೆ ತಗೊಂಡು ನೀವೇ ಓಡಿಸಬಹುದು, ಹೊರಡೋ ಮುಂಚೆ ಹಾಯಿ, ಇಂಜಿನ್, ಲಂಗರು, ರೇಡಿಯೋ ಎಲ್ಲಾ ಕಲಿಸಿಕೊಡ್ತಾರೆ, ಆಗ ಫೋಟೋ ತಗೊಳ್ತಾ ನಿಲ್ಲಬೇಡಿ, ಲಂಗರು ಹಾಕೋದನ್ನ ಎರಡು ಸಲ ಮಾಡಿಸಿಕೊಳ್ಳಿ.

ಹೋಗೋಕೆ ಆಗಸ್ಟ್-ಸೆಪ್ಟೆಂಬರ್ ಒಳ್ಳೇದು. ಮಳೆ ಕಮ್ಮಿ, ಹಂಪ್‌ಬ್ಯಾಕ್ ತಿಮಿಂಗಿಲಗಳೂ ಕಾಣ್ತವೆ (ಕಂಡ್ರೆ 300 ಮೀಟರ್ ದೂರದಲ್ಲೇ ಇರಬೇಕು, ಅದು ರೂಲ್ಸು). ನವೆಂಬರಿಂದ ಮೇ ತನಕ ವಿಷದ ಜೆಲ್ಲಿಫಿಶ್ ಕಾಟ, ನೀರಿಗಿಳಿಯೋಕೆ ಮೈತುಂಬ ಸ್ಟಿಂಗರ್ ಸೂಟ್ ಹಾಕ್ಲೇಬೇಕು, ಅದನ್ನ ಐದು ವರ್ಷದ ಮಗೂಗೆ ಹಾಕಿಸಿ ನೋಡಿ ಗೊತ್ತಾಗತ್ತೆ.

ಪ್ಲಾನ್ ಮಾಡುವಾಗ ಮ್ಯಾಪಿಗಿಂತ ಮೊದಲು ಉಬ್ಬರ-ಇಳಿತದ ಟೇಬಲ್ ನೋಡಿ. ವಿಟ್ಸಂಡೇ ದ್ವೀಪದ ವೈಟ್‌ಹೇವನ್ ಬೀಚಿನ ಉತ್ತರ ತುದೀಲಿ ಹಿಲ್ ಇನ್‌ಲೆಟ್ ಅಂತ ಇದೆಯಲ್ಲ, ಬಿಳಿ ಮರಳು ನೀಲಿ ನೀರು ಸುಳಿಸುಳಿಯಾಗಿ ಕಲಸಿಕೊಂಡಿರೋದು, ಅದು ಚೆನ್ನಾಗಿ ಕಾಣೋದು ನೀರು ಇಳಿದಾಗ. ಆದ್ರೆ ಅಲ್ಲಿಗೆ ಹೋಗೋಕೆ ಲಂಗರು ಹಾಕೋ ಟಂಗ್ ಬೇ ಅನ್ನೋ ಕೊಲ್ಲೀಲಿ ನೀರು ಪೂರ್ತಿ ಇಳಿದ್ರೆ ದಡಕ್ಕೆ ಹೋಗೋ ಚಿಕ್ಕ ದೋಣಿ (ಡಿಂಗಿ) ದಡ ಮುಟ್ಟೋದು ಕಷ್ಟ, ತಳದಲ್ಲಿ ಹವಳ. ನಾವು ಮೊದಲ ಸಲ ಇದು ಗೊತ್ತಿಲ್ದೆ ಹೋಗಿ ಎರಡು ಗಂಟೆ ದೋಣೀಲೇ ಕೂತು ಅವಲಕ್ಕಿ ತಿಂದ್ವಿ. ಅದಕ್ಕೇ ಇಳಿತ ಅರ್ಧ ಆಗಿರುವಾಗ ಇಳಿದು, ಲುಕೌಟ್ ತನಕ ನಡೆದು (ಅಜ್ಜಿನೂ ನಡೀತಾರೆ, ಅಷ್ಟೇ ದೂರ), ನೋಡ್ಕೊಂಡು ಬೇಗ ವಾಪಸ್ ಬಂದ್ಬಿಡಿ.

ಸಂಜೆ ನಾಲ್ಕಕ್ಕೆ ಲಂಗರು ಬಿದ್ದಿರಬೇಕು. ಸೂರ್ಯ ಇಳಿದ ಮೇಲೆ ಹವಳದ ಬಂಡೆ ಕಣ್ಣಿಗೆ ಕಾಣಲ್ಲ. ಆಗ್ನೇಯ ಗಾಳಿ ಜೋರಿದ್ರೆ ಪಶ್ಚಿಮದ ಸಿಡ್ ಹಾರ್ಬರಲ್ಲಿ ನಿದ್ದೆ ಚೆನ್ನಾಗಿ ಬರತ್ತೆ, ಆದ್ರೆ ಅಲ್ಲಿ ಈಜಬೇಡಿ, 2018ರಲ್ಲಿ ಶಾರ್ಕ್ ದಾಳಿ ಆಗಿ ಒಬ್ಬರು ಸತ್ತಿದಾರೆ. ನಡೆಯೋಕೆ ಮಾತ್ರ ಸೂಪರ್ ಜಾಗ: ಡ್ಯೂಗಾಂಗ್ ಬೀಚಿಂದ ಸಾಮಿಲ್ ಬೀಚಿಗೆ ಸುಮಾರು ಒಂದು ಕಿಲೋಮೀಟರ್, ಕಾಡಿನ ನೆರಳಲ್ಲಿ. ಸಾಮಿಲ್ಲಿಂದ ವಿಟ್ಸಂಡೇ ಪೀಕ್ ಹತ್ತೋಕೂ ದಾರಿ ಇದೆ, ಅದು ಕಡಿದು, ಚಿಕ್ಕ ಮಕ್ಕಳಿದ್ರೆ ಬೇಡ, ಹೊತ್ಕೊಂಡು ಇಳಿಯೋರು ನೀವೇ.

ಪಕ್ಕದ ಹುಕ್ ದ್ವೀಪದ ನಾರಾ ಇನ್‌ಲೆಟಲ್ಲಿ ಇಲ್ಲಿನ ಮೂಲ ಜನ ಙಾರೋಗಳ ಗುಹಾಚಿತ್ರ ಇದೆ, ಮೆಟ್ಟಿಲು ಹತ್ತಿ ಹೋಗಿ ನೋಡಿ.

ಅಡಿಗೆಗೆ ಪುಳಿಯೋಗರೆ ಗೊಜ್ಜು, ಚಪಾತಿ, ಶುಂಠಿ ಸಾಕು. ದೋಣೀಲಿ ಸಿಹಿನೀರು ಲೆಕ್ಕದ್ದು, ಕುಕ್ಕರ್ ಪಾತ್ರೆ ರಾಶಿ ತೊಳೆಯೋಕಾಗಲ್ಲ. ಇನ್ನೊಂದು ವಿಷ್ಯ, ಏಳು ಕಿಲೋಮೀಟರ್ ಉದ್ದದ ವೈಟ್‌ಹೇವನ್ ಬೀಚಿನ ಸಿಲಿಕಾ ಮರಳು ಮಧ್ಯಾಹ್ನನೂ ಕಾಲು ಸುಡಲ್ಲ, ಮಕ್ಕಳು ಹೊರಳಾಡ್ತಾರೆ, ಆದ್ರೆ ಹಿಟ್ಟಿನ ಥರ ನುಣುಪು. ದೋಣಿ ಹತ್ತೋ ಮುಂಚೆ ಹಿಂದಿನ ಮೆಟ್ಟಿಲಲ್ಲಿ ಒಂದು ಬಕೆಟ್ ಸಮುದ್ರದ ನೀರಿಟ್ಟು ಎಲ್ಲರ ಕಾಲೂ ತೊಳೆಸಿ, ಇಲ್ಲಾಂದ್ರೆ ರಾತ್ರಿ ಹಾಸಿಗೇಲೂ ಮರಳು, ಬೆಳಗ್ಗೆ ಪುಳಿಯೋಗರೇಲೂ ಮರಳು.