ಗೈಡ್ ಸಮವಸ್ತ್ರ ಹೊಲಿಸುವಾಗ: ಸ್ಕಾರ್ಫಿನ ಲೆಕ್ಕ, ಜೇಬಿನ ಜಾಗ

ಗೈಡ್ ದಳಕ್ಕೆ ಸಮವಸ್ತ್ರ ಹೊಲಿಸುವಾಗ ಎಲ್ಲರ ಗಮನ ಕಮೀಜಿನ ಅಳತೆ ಮೇಲಿರುತ್ತದೆ. ಆದರೆ ಕೆಡುವುದು ಸ್ಕಾರ್ಫ್ ಮತ್ತು ಜೇಬು. ಅದಕ್ಕೇ ನಾನು ಮೊದಲು ಸ್ಕಾರ್ಫಿನ ಲೆಕ್ಕ ಹಾಕುತ್ತೇನೆ.

ಭಾರತ್ ಸ್ಕೌಟ್ಸ್ ಮತ್ತು ಗೈಡ್ಸ್ ನಿಯಮದಂತೆ ತ್ರಿಕೋನ ಸ್ಕಾರ್ಫಿನ ಎರಡು ಬದಿಗಳು 70ರಿಂದ 80 ಸೆಂ.ಮೀ. ಇರಬೇಕು. ಚೌಕವನ್ನು ಮೂಲೆಯಿಂದ ಮೂಲೆಗೆ ಕತ್ತರಿಸಿದರೆ ಎರಡು ಸ್ಕಾರ್ಫ್. ಇಲ್ಲಿಯೇ ಟೈಲರ್‌ಗಳು ಎಡವುತ್ತಾರೆ: 70 ಬೇಕು, ಮಡಿಕೆಗೆ 2 ಸೇರಿಸೋಣ ಎಂದು 72ಕ್ಕೆ ಕತ್ತರಿಸುತ್ತಾರೆ. ಮೂರೂ ಬದಿಗೆ 1 ಸೆಂ.ಮೀ. ಮಡಿಚಿದಾಗ ಚೂಪು ಮೂಲೆಗಳು ಬಹಳ ಬಟ್ಟೆ ತಿನ್ನುತ್ತವೆ. ಪ್ರತಿ ಬದಿಯಲ್ಲಿ ಸುಮಾರು 3.4 ಸೆಂ.ಮೀ. ಹೋಗಿ, ಕೊನೆಗೆ ಉಳಿಯುವುದು 68.6. ನಾನು 78ಕ್ಕೆ ಕತ್ತರಿಸುತ್ತೇನೆ, 74.6 ಸಿಗುತ್ತದೆ, ಉದ್ದನೆಯ ಬದಿ ಸುಮಾರು 105. 36 ಇಂಚು ಪನ್ನದ (ಅಗಲದ) ಬಟ್ಟೆಯಲ್ಲಿ 24 ಹುಡುಗಿಯರಿಗೆ 12 ಚೌಕ, ಅಂದರೆ 9.36 ಮೀಟರ್. ಕುಗ್ಗುವುದನ್ನೂ ಸೇರಿಸಿ 10 ಮೀಟರ್ ತರುತ್ತೇನೆ.

ಉದ್ದನೆಯ ಬದಿ ಓರೆ ಕತ್ತರಿಕೆ. ಅಲ್ಲಿ ಎಳೆಗಳು ಅಡ್ಡವೂ ಅಲ್ಲ, ಉದ್ದವೂ ಅಲ್ಲ, ಹಾಗಾಗಿ ಮಿಷನ್ನಿನ ಪಾದದಡಿ ಸಿಕ್ಕರೆ ಹಿಗ್ಗಿ ಅಲೆಅಲೆಯಾಗುತ್ತದೆ. ಕತ್ತರಿಸಿದ ಕೂಡಲೇ ಅಂಚಿನಿಂದ 5 ಮಿ.ಮೀ. ಒಳಗೆ ಒಂದು ಸಾದಾ ಹೊಲಿಗೆ ಓಡಿಸಿ, ಆಮೇಲೆ ಮಡಿಚಬೇಕು. ಪಾದದ ಒತ್ತಡ ಸಡಿಲಿಸಬೇಕು, ಬಟ್ಟೆಯನ್ನು ಹಿಂದಿನಿಂದ ಎಳೆಯಲೇಬಾರದು. ಗಂಜಿಯೂ ಬೇಡ. ಕೈ ಮುರಿದವರಿಗೆ ಜೋಲಿಯಾಗುವುದು, ಗಾಯಕ್ಕೆ ಪಟ್ಟಿಯಾಗುವುದು ಇದೇ ಬಟ್ಟೆ. ಪೂರ್ತಿ ಸಿಂಥೆಟಿಕ್ ಆದರೆ ಗಂಟು ಜಾರುತ್ತದೆ, ಹತ್ತಿಯೇ ಸರಿ.

ಕಮೀಜಿಗೆ ತಿಳಿ ಆಕಾಶನೀಲಿ, ಸಲ್ವಾರಿಗೆ ಕಡುನೀಲಿ. ತುಮಕೂರಿನ ಎಂ.ಜಿ. ರಸ್ತೆಯ ಅಂಗಡಿಗಳಲ್ಲಿ ಆಕಾಶನೀಲಿ ಎಂದು ಕೇಳಿದರೆ ನಾಲ್ಕೈದು ಛಾಯೆ ಹರಡುತ್ತಾರೆ. ಟ್ಯೂಬ್‌ಲೈಟಿನಲ್ಲಿ ಎಲ್ಲವೂ ಒಂದೇ, ಬಾಗಿಲಾಚೆ ಬಿಸಿಲಿಗೆ ತಂದರೆ ಬೇರೆಬೇರೆ. ಇಡೀ ದಳಕ್ಕೆ ಒಂದೇ ಥಾನಿನಿಂದ ಬಟ್ಟೆ ಹರಿಸಬೇಕು. ಆಮೇಲೆ ಇಬ್ಬರಿಗೆಂದು ತಂದರೆ ಬಣ್ಣದ ಪಾಕವೇ ಬೇರೆಯಾಗಿ ಸಾಲಿನಲ್ಲಿ ನಿಂತಾಗ ಎದ್ದು ಕಾಣುತ್ತದೆ. 44 ಇಂಚು ಪನ್ನದಲ್ಲಿ ಹೈಸ್ಕೂಲು ಹುಡುಗಿಯ ಕಮೀಜಿಗೆ ಎರಡೂಕಾಲು ಮೀಟರ್ ಹಿಡಿಯಬಹುದು. ಕತ್ತರಿಸುವ ಮೊದಲು 50 ಸೆಂ.ಮೀ. ಚೌಕದ ತುಂಡನ್ನು ರಾತ್ರಿ ನೆನೆಸಿ, ಒಣಗಿಸಿ ಅಳೆಯಿರಿ. ಅದು 48.5ಕ್ಕೆ ಇಳಿದರೆ ನೂರಕ್ಕೆ ಮೂರು ಕುಗ್ಗುತ್ತದೆ ಎಂದರ್ಥ, ಇಡೀ ಥಾನನ್ನು ನೆನೆಸಿಯೇ ಕತ್ತರಿ ಹಾಕಬೇಕು.

ಎದೆ ಸುತ್ತಳತೆಗೆ 4 ಇಂಚು ಸಡಿಲ, ಪಕ್ಕದ ಹೊಲಿಗೆಯೊಳಗೆ ಒಂದೊಂದು ಇಂಚು, ಕೆಳಗಡೆ ಎರಡೂವರೆ ಇಂಚು ಮಡಿಕೆ. ಎಂಟನೇ ತರಗತಿಯ ಮಗು ಹತ್ತಕ್ಕೆ ಬರುವಷ್ಟರಲ್ಲಿ ಇವೆಲ್ಲ ಬಿಚ್ಚಬೇಕಾಗುತ್ತದೆ. ಕಂಕುಳು ಬಿಗಿಯಾಗಬಾರದು. ಬಿಗಿಯಾದರೆ ಸೆಲ್ಯೂಟಿಗೆ ಕೈ ಎತ್ತಿದಾಗಲೆಲ್ಲ ಕಮೀಜು ಮೇಲೇರಿ ಬೆಲ್ಟಿನಿಂದ ಕಿತ್ತುಬರುತ್ತದೆ. ಅಳತೆ ತೆಗೆದುಕೊಳ್ಳುವಾಗಲೇ ಕೈ ಎತ್ತಿಸಿ, ಕೂರಿಸಿ ನೋಡಿ. ಸಲ್ವಾರಿನ ಕೆಳಬಾಯಿ ಅಗಲ ಬೇಡ, ದೇವರಾಯನದುರ್ಗದ ಕಾಲುದಾರಿಯಲ್ಲಿ ಲಂಟಾನದ ಕೊಂಬೆಗೆ ಸಿಕ್ಕಿಕೊಳ್ಳುತ್ತದೆ.

ಇನ್ನು ಜೇಬು. ಎಡಜೇಬಿನ ನಡುವೆ ಸದಸ್ಯತ್ವದ ಬ್ಯಾಡ್ಜ್, ಬಲಜೇಬಿನ ನಡುವೆ ವಿಶ್ವ ಬ್ಯಾಡ್ಜ್. 1930ರಲ್ಲಿ ನಾರ್ವೆಯ ಕಾರಿ ಆಸ್ ವಿನ್ಯಾಸ ಮಾಡಿದ ಮೂರೆಲೆಯ ಗುರುತು ಅದು, ಮೂರು ಎಲೆಗಳು ಗೈಡ್ ಪ್ರತಿಜ್ಞೆಯ ಮೂರು ಭಾಗ. ಜೇಬನ್ನು ಕಮೀಜಿಗೆ ಹಚ್ಚಿದ ಮೇಲೆ ಬ್ಯಾಡ್ಜ್ ಹೊಲಿದರೆ ಮಿಷನ್ ಎರಡು ಪದರವನ್ನೂ ಹಿಡಿದು ಜೇಬೇ ಮುಚ್ಚಿಹೋಗುತ್ತದೆ. ಆದ್ದರಿಂದ ಜೇಬಿನ ತುಂಡನ್ನು ಮಡಿಚಿ ಇಸ್ತ್ರಿ ಮಾಡಿ, ನಡುವೆ ಗುರುತು ಹಾಕಿ, ಬ್ಯಾಡ್ಜನ್ನು ಮೊದಲು ಅದರ ಮೇಲೆ ಕೂರಿಸಿ, ಕೊನೆಗೆ ಜೇಬನ್ನು ಕಮೀಜಿಗೆ ಹಚ್ಚಿ. ಜೇಬಿನ ಬಾಯಿಯ ಎರಡೂ ಮೂಲೆಗೆ ಸಣ್ಣ ತ್ರಿಕೋನ ಹೊಲಿಗೆ ಹಾಕಿಸಿ, ಮೊದಲು ಕೀಳುವುದು ಅಲ್ಲೇ. ಅಂಟು ಹಾಕಬೇಡಿ: ಬಟ್ಟೆ ಗಟ್ಟಿಯಾಗಿ ಕಲೆ ಉಳಿಯುತ್ತದೆ. ವೇಲನ್ನು ಕಿರಿದಾಗಿ ಮಡಿಚಿ ಎರಡೂ ಹೆಗಲಿಗೆ ಪಿನ್ ಹಾಕಿದರೆ ಬ್ಯಾಡ್ಜುಗಳು ಮರೆಯಾಗುವುದಿಲ್ಲ.

ಅಮೆರಿಕದ ಗರ್ಲ್ ಸ್ಕೌಟ್‌ಗಳು ಗಳಿಸಿದ ಬ್ಯಾಡ್ಜುಗಳನ್ನು ಪ್ರತ್ಯೇಕ ವೆಸ್ಟ್ ಅಥವಾ ಹೆಗಲಪಟ್ಟಿಯ ಮೇಲೆ ಹಚ್ಚುತ್ತಾರೆ, ಒಳಗಿನ ಅಂಗಿ ಚಿಕ್ಕದಾದರೆ ಬದಲಿಸಿದರಾಯಿತು. ಇಂಡೋನೇಷ್ಯಾದ ಸ್ಕೌಟ್ ಸಂಸ್ಥೆ ಪ್ರಮುಕಾದಲ್ಲಿ ಕಂದು ಬಟ್ಟೆಯ ಮೇಲೆ ಅವರ ಬಾವುಟದ ಕೆಂಪು ಬಿಳಿ ಸ್ಕಾರ್ಫ್. ನಮ್ಮಲ್ಲಿ ಬ್ಯಾಡ್ಜ್ ಕಮೀಜಿನ ಮೇಲೇ ಇರುವುದರಿಂದ ಅದನ್ನು ಕೈಹೊಲಿಗೆಯಲ್ಲಿ ಹಚ್ಚುವುದೇ ವಾಸಿ ಎಂಬುದು ನನ್ನ ಖಚಿತ ಅಭಿಪ್ರಾಯ. ಬಿಚ್ಚಿ ಹೊಸದಕ್ಕೆ ಹಾಕಬಹುದು.

ಒಗೆಯುವುದರಲ್ಲೂ ಎಚ್ಚರ ಬೇಕು. ಕಡುನೀಲಿ ಸಲ್ವಾರನ್ನು ನೀರು ತಿಳಿಯಾಗುವವರೆಗೆ ತಣ್ಣೀರಲ್ಲಿ ಬೇರೆಯಾಗಿಯೇ ಒಗೆಯಿರಿ, ಇಲ್ಲದಿದ್ದರೆ ಕಮೀಜಿಗೆ ಬಣ್ಣ ಹತ್ತುತ್ತದೆ. ಮಧುಗಿರಿ, ಪಾವಗಡ ಕಡೆಯ ಬೋರ್‌ವೆಲ್ ನೀರು ಗಡಸು. ಸೋಪು ನೊರೆಯಾಗದೆ ಬಟ್ಟೆಯಲ್ಲೇ ಬೂದುಪದರವಾಗಿ ಕೂತು, ಆಕಾಶನೀಲಿ ಮಂಕಾಗುತ್ತದೆ. ಕಡೆಯ ಜಾಲಾಟದ ಬಕೆಟ್ಟಿಗೆ ಒಂದು ನಿಂಬೆಹಣ್ಣಿನ ರಸ ಹಿಂಡಿ, ಆಮೇಲೆ ಒಮ್ಮೆ ಬರೀ ನೀರಲ್ಲಿ ಜಾಲಾಡಿಸಿ. ಒಳಮೈ ಹೊರಗೆ ಮಾಡಿ ನೆರಳಲ್ಲಿ ಹರವಿ.