ನಮ್ಮ ಸೆಮಿನಾರಿಗೆ ಟೈಮ್ ಕೊಟ್ಟಿದ್ದು ಸಿಂದಗಿ ಬಸ್ಸು

ಮೊದಲ ಸೆಮಿನಾರಿಗೆ ಬಂದವರು 11 ಜನ. ಹಾಲ್‌ನಲ್ಲಿದ್ದ ಕುರ್ಚಿ 120.

ವಿಜಯಪುರದಲ್ಲಿ ಅಂತರ್ಜಲದ ಮೇಲೆ ಕೆಲಸ ಮಾಡುವ ಸಣ್ಣ ಸಂಶೋಧನಾ ತಂಡ ನಮ್ಮದು. ಪಿಎಚ್‌ಡಿ ಮಾಡುವವರು 6 ಜನ, ಮೇಷ್ಟ್ರು ಇಬ್ಬರು, ಜೊತೆಗೆ ಎಂಎಸ್ಸಿ ಹುಡುಗ ಹುಡುಗಿಯರು. "ವಾರಕ್ಕೊಬ್ಬರು ಮಾತಾಡೋಣ" ಅಂತ ಗೈಡ್ ಹೇಳಿದರು. ನಡೆಸುವ ಕೆಲಸ ನನ್ನ ತಲೆಗೆ ಬಿತ್ತು.

ನಾನು ಅಲ್ಲಿವರೆಗೆ ನೋಡಿದ್ದ ಸೆಮಿನಾರ್ ಎಲ್ಲ ಒಂದೇ ನಮೂನೆ. ಬ್ಯಾನರ್, ಪ್ರಾರ್ಥನೆ, ದೀಪ, ಸ್ವಾಗತ, ಪರಿಚಯ, ಶಾಲು, ಹಣ್ಣಿನ ಬುಟ್ಟಿ. ನಾವೂ ಹಾಗೇ ಮಾಡಿದೆವು. ಬೆಂಗಳೂರಿನ ಅತಿಥಿ ಗೋಲಗುಂಬಜ್ ಎಕ್ಸ್‌ಪ್ರೆಸ್‌ನಲ್ಲಿ ರಾತ್ರಿಯಿಡೀ ಪ್ರಯಾಣ ಮಾಡಿ ಬಂದಿದ್ದರು. ಏಪ್ರಿಲ್ ಬಿಸಿಲು. ರೊಟ್ಟಿ, ಎಣ್ಣೆಗಾಯಿ ಊಟ ಮುಗಿಸಿ ಮಧ್ಯಾಹ್ನ 3ಕ್ಕೆ ಶುರು. ಪಾಪ, ಅವರಿಗೇ ಕಣ್ಣು ಎಳೆಯುತ್ತಿತ್ತು. ಮರ್ಯಾದೆ ಎಲ್ಲ ಮುಗಿಯುವಷ್ಟರಲ್ಲಿ 40 ನಿಮಿಷ ಹೋಗಿತ್ತು. ಅವರು ಅಸಲಿ ವಿಷಯಕ್ಕೆ ಬರುವ ಹೊತ್ತಿಗೆ ಹಿಂದಿನ ಸಾಲು ಎದ್ದು ಹೊರಟಿತು.

ನನಗೆ ವಿಪರೀತ ಸಿಟ್ಟು ಬಂತು. ಮರುದಿನ ಒಬ್ಬ ಹುಡುಗಿಯನ್ನು ಹಿಡಿದು ಕೇಳಿದೆ. "ಸಿಂದಗಿ ಬಸ್ ಇತ್ತು ಸರ್. ಅದು ತಪ್ಪಿದರೆ ಮುಂದಿನದ್ದು ಊರೊಳಗೆ ಬರಲ್ಲ. ಕ್ರಾಸ್‌ನಲ್ಲಿ ಇಳಿದು ಕತ್ತಲಲ್ಲಿ ನಡೀಬೇಕು." 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಟಿಕೆಟ್ ದುಡ್ಡು ಉಳಿದಿದೆ, ಆದರೆ ಸೀಟು ಬೇಕಂದ್ರೆ ಇನ್ನೂ ಬೇಗ ಸ್ಟ್ಯಾಂಡಿಗೆ ಹೋಗಬೇಕು ಅಂತಲೂ ಹೇಳಿದಳು. ನಾನು ಊರಲ್ಲೇ ಇರುವವನು. ಇದು ತಲೆಗೇ ಹೊಳೆದಿರಲಿಲ್ಲ.

ಒಂದು ಹಾಳೆ ತಗೊಂಡು ಎಲ್ಲರ ಬಸ್ ಟೈಮ್ ಬರೆದುಕೊಂಡೆ. ಸಿಂದಗಿ, ಇಂಡಿ, ಬಸವನ ಬಾಗೇವಾಡಿ, ತಿಕೋಟಾ. ಬೆಳಿಗ್ಗೆ ಎಲ್ಲರೂ ಬಂದು ತಲುಪಿದ ಮೇಲೆ, ಊಟಕ್ಕಿಂತ ಮೊದಲು ಒಂದೇ ಒಂದು ಗಂಟೆ ಸಿಕ್ಕಿತು. ಬುಧವಾರ 11:30. ಇವತ್ತಿಗೂ ಅದೇ.

ಹಾಲ್ ಬಿಟ್ಟು ಲ್ಯಾಬಿನ ಉದ್ದ ಟೇಬಲ್ಲಿಗೆ ಬಂದೆವು. ಶಾಲಿನ ದುಡ್ಡಲ್ಲಿ ಚಹಾ, ಚುರಮುರಿ ಚೂಡಾ. ಅತಿಥಿಗಳನ್ನು ಹುಡುಕುವುದನ್ನೂ ಹೆಚ್ಚುಕಡಿಮೆ ಬಿಟ್ಟೆವು. ಒಬ್ಬರು ಹಿಂದಿನ ರಾತ್ರಿ 9ಕ್ಕೆ ಫೋನ್ ಮಾಡಿ ಬರಲ್ಲ ಅಂದಾಗ, ನಮ್ಮಲ್ಲೇ ಒಬ್ಬ ತನ್ನ ಅರ್ಧಂಬರ್ಧ ಕೆಲಸ ತಂದು ಟೇಬಲ್ ಮೇಲೆ ಹರಡಿದ. ಆವತ್ತು ಆದಷ್ಟು ಚರ್ಚೆ ಅದಕ್ಕೆ ಮೊದಲು ಯಾವತ್ತೂ ಆಗಿರಲಿಲ್ಲ.

ಅದನ್ನೇ ಪದ್ಧತಿ ಮಾಡಿಕೊಂಡೆವು. ಮುಗಿದ ಕೆಲಸ ತರುವ ಹಾಗಿಲ್ಲ. 20 ನಿಮಿಷ ಮಾತು, 40 ನಿಮಿಷ ಪ್ರಶ್ನೆ. ಮೊದಲ ಮೂರು ಪ್ರಶ್ನೆ ಎಂಎಸ್ಸಿಯವರದ್ದು, ಅಲ್ಲಿವರೆಗೆ ಮೇಷ್ಟ್ರು ಬಾಯಿ ಬಿಡಬಾರದು. ಇದನ್ನು ಗೈಡ್‌ಗೆ ಹೇಳಲು ನನಗೆ ಎರಡು ವಾರ ಧೈರ್ಯ ಬರಲಿಲ್ಲ. ಅವರು ನಕ್ಕು ಒಪ್ಪಿದರು. ಆದರೂ ಮೊದಲ ತಿಂಗಳು ಕೆಮ್ಮಿ ಕೆಮ್ಮಿ ಸೂಚನೆ ಕೊಡುತ್ತಿದ್ದರು!

ಮೊದಮೊದಲು ಆ ಮೂರು ಪ್ರಶ್ನೆ ಬರುತ್ತಲೇ ಇರಲಿಲ್ಲ. ಎಲ್ಲರೂ ನೋಟ್‌ಬುಕ್ ನೋಡುತ್ತಾ ಕೂರುವುದು. ಇಂಗ್ಲಿಷಿನಲ್ಲಿ ಹೇಳಿದ್ದು ತಿಳಿಯುತ್ತಿತ್ತು, ಇಂಗ್ಲಿಷಿನಲ್ಲಿ ಕೇಳಲು ನಾಲಿಗೆ ಏಳುತ್ತಿರಲಿಲ್ಲ. ಕನ್ನಡದಲ್ಲಿ ಕೇಳಿ, ನಮ್ಮ ಕಡೆ ಮಾತಲ್ಲೇ ಕೇಳಿ ಅಂದೆವು. ಅಕ್ವಿಫರ್, ರೀಚಾರ್ಜ್ ಅಂತ ಶಬ್ದ ಹಾಗೇ ಇರಲಿ, ಯಾರು ಬೇಡ ಅಂದರು?

ಒಂದು ಬುಧವಾರ ನನ್ನ ಜೊತೆಗಾರ ಇಂಡಿ ಕಡೆಯ ಬೋರ್‌ವೆಲ್‌ಗಳ ನೀರಿನ ಮಟ್ಟ ತೋರಿಸುತ್ತಿದ್ದ. ಟೇಪ್ ಇಳಿಬಿಟ್ಟು ಅಳೆದದ್ದು. ನೀರು ಮುಟ್ಟಿದರೆ ಪೀಂ ಅನ್ನುತ್ತದಲ್ಲ, ಆ ಟೇಪ್. ಗ್ರಾಫ್‌ನಲ್ಲಿ ಎರಡು ಬೋರ್‌ಗಳ ಗೆರೆ ಏಕಾಏಕಿ ಕೆಳಗೆ ಬಿದ್ದಿತ್ತು. ಕೆಳಗೆ ಬಸಾಲ್ಟ್ ಬಂಡೆ, ಬಿರುಕು ಎಲ್ಲಿದೆಯೋ ಅಲ್ಲಷ್ಟೇ ನೀರು, ಹಾಗಾಗಿ ಇದು ಬಿರುಕಿನ ಜಾಲದ ಗುರುತು ಅಂತ ಅವನ ವಾದ. ಚಂದದ ವಾದ. ನಾನೂ ತಲೆ ಅಲ್ಲಾಡಿಸಿದ್ದೆ.

ಮೂಲೆಯಲ್ಲಿ ಕೂತಿದ್ದ ಒಬ್ಬಳು ಎಂಎಸ್ಸಿ ಹುಡುಗಿ ಕೇಳಿದಳು: "ಸರ, ನೀವು ಅಳೆಯೋ ಮುಂದ ಬಾಜೂ ಹೊಲದ ಪಂಪ್ ಚಾಲೂ ಇತ್ತೇನ್ರಿ?"

ಅವಳ ಮನೆಯವರದ್ದು ನಿಂಬೆ ತೋಟ. ತ್ರೀ ಫೇಸ್ ಕರೆಂಟ್ ಬಂದ ಕೂಡಲೇ ಸುತ್ತಲಿನ ಪಂಪ್‌ಗಳೆಲ್ಲ ಒಟ್ಟಿಗೆ ಶುರುವಾಗುವುದು ಅವಳಿಗೆ ದಿನಾ ಕಾಣುವ ವಿಷಯ. ಪಂಪ್ ಓಡುವಾಗ ಸುತ್ತಲಿನ ನೀರಿನ ಮಟ್ಟ ಲಾಳಿಕೆಯ ಹಾಗೆ ಬೋರಿನ ಕಡೆ ಇಳಿಯುತ್ತದೆ. ಪಕ್ಕದ ಬೋರಿನಲ್ಲಿ ಆಗ ಟೇಪ್ ಬಿಟ್ಟರೆ ಸಿಗುವುದು ಆ ಇಳಿದ ಮಟ್ಟ, ನಿಂತ ನೀರಿನ ಮಟ್ಟ ಅಲ್ಲ. ಪುಸ್ತಕದಲ್ಲಿ ನಾವೆಲ್ಲ ಓದಿದ್ದೇ. ಜೊತೆಗಾರ ತನ್ನ ಫೀಲ್ಡ್ ಬುಕ್ ತಿರುವಿದ. ಅಳೆದ ಹೊತ್ತು ಬರೆದಿದ್ದ, ಕರೆಂಟ್ ಇತ್ತೋ ಇಲ್ಲವೋ ಬರೆದಿರಲಿಲ್ಲ. ಒಂದು ನಿಮಿಷ ಯಾರೂ ಮಾತಾಡಲಿಲ್ಲ. ಗೈಡ್ ಕೂಡ ಕೆಮ್ಮಲಿಲ್ಲ.

ಅವನು ಲೈನ್‌ಮನ್ ಹತ್ತಿರ ಸಪ್ಲೈ ಟೈಮ್ ತಗೊಂಡು, ಪಂಪ್ ನಿಂತು ನೀರು ಮತ್ತೆ ಮೇಲೇರಲು ಬಿಟ್ಟು, ಎಲ್ಲ ಬೋರ್‌ಗಳನ್ನೂ ಹೊಸದಾಗಿ ಅಳೆದ. ಒಂದರ ಗೆರೆ ಸರಿಯಾಯಿತು. ಇನ್ನೊಂದು ಈಗಲೂ ಬಿದ್ದೇ ಇದೆ, ಅದಕ್ಕೆ ನಿಜವಾಗಿ ಏನೋ ಕಾರಣ ಇರಬೇಕು. ಈಗ ನಮ್ಮ ಎಲ್ಲರ ಫೀಲ್ಡ್ ಬುಕ್‌ನಲ್ಲೂ 'ಕರೆಂಟ್' ಅಂತ ಒಂದು ಕಾಲಂ ಇದೆ.

ಒಮ್ಮೆ ಸೆಮಿನಾರನ್ನು ಹೊರಗೂ ಮಾಡಿದೆವು. ಮುಹಮ್ಮದ್ ಆದಿಲ್ ಶಾಹ 1651ರಲ್ಲಿ ಕಟ್ಟಿಸಿದ ಬೇಗಂ ತಾಲಾಬ್ ಕೆರೆಯಿಂದ ಊರಿಗೆ ಮಣ್ಣಿನ ಕೊಳವೆಯಲ್ಲಿ ನೀರು ಬರುತ್ತಿತ್ತು. ದಾರಿಯಲ್ಲಿ ಅಲ್ಲಲ್ಲಿ ಕಟ್ಟಿದ ನೀರಿನ ಗೋಪುರಗಳಿಗೆ ಗಂಜ್ ಅನ್ನುತ್ತಾರೆ. ಕೊಳವೆಯ ಒತ್ತಡ ಇಳಿಸಲು, ಹೂಳು ಕೆಳಗೆ ಕೂರಲು. ಅಂಥ ಒಂದು ಗಂಜ್ ನೆರಳಲ್ಲೇ ಒಬ್ಬಳು ಒತ್ತಡದ ಲೆಕ್ಕ ವಿವರಿಸಿದಳು. ಮೋಟಾರಿನ ಹಾರ್ನ್‌ನಲ್ಲಿ ಅರ್ಧ ಕೇಳಲಿಲ್ಲ, ಆದರೆ ಆ ಲೆಕ್ಕ ಯಾರೂ ಮರೆತಿಲ್ಲ.

ಇಲ್ಲಿ ಮಾತಾಡಿದ್ದಕ್ಕೆ ಸರ್ಟಿಫಿಕೇಟ್ ಕೊಡಿ ಅನ್ನುವ ಜಗಳ ಮಾತ್ರ ಇನ್ನೂ ಮುಗಿದಿಲ್ಲ. ವಿಶ್ವವಿದ್ಯಾಲಯಗಳಿಗೆ ನಿಯಮ ಮಾಡುವ ಯುಜಿಸಿಯ 2016ರ ನಿಯಮದಲ್ಲಿ ಥೀಸಿಸ್ ಕೊಡುವ ಮೊದಲು ಎರಡು ಕಡೆ ಪೇಪರ್ ಓದಲೇಬೇಕಿತ್ತು. 2022ರಲ್ಲಿ ಆ ಕಡ್ಡಾಯ ಹೋಯಿತು, ಕಾಗದದ ಆಸೆ ಹೋಗಲಿಲ್ಲ. ನಾವು ಕೊಡುವುದಿಲ್ಲ. ಅದಕ್ಕೇ ಬೇರೆ ವಿಭಾಗದ ನಾಲ್ಕೈದು ಜನ ಬರುವುದು ಬಿಟ್ಟರು. ಬೇಜಾರಿದೆ, ಆದರೆ ಮನಸ್ಸು ಬದಲಿಸಿಲ್ಲ.

ಈಗ ಪಟ್ಟಿ ನೋಡಿಕೊಳ್ಳುವವಳು ಆ ನಿಂಬೆ ತೋಟದ ಹುಡುಗಿ. ಹೊಸಬರು ಸೇರಿದರೆ ಹೆಸರಿನ ಮುಂದೆ ಬಸ್ ಟೈಮ್ ಬರೆಸಿಕೊಳ್ಳುತ್ತಾಳೆ. ಬರುವ ಬುಧವಾರ ನನ್ನ ಸರದಿ. ಫ್ಲೋರೈಡ್ ನಕ್ಷೆ ಇನ್ನೂ ಸರಿಯಾಗಿ ಕೂತಿಲ್ಲ, ಎರಡು ಊರಿನ ಅಂಕಿ ಒಂದಕ್ಕೊಂದು ತಾಳೆಯಾಗುತ್ತಿಲ್ಲ. ಹಾಗೇ ತಗೊಂಡು ಹೋಗುತ್ತೇನೆ.