ಬಾಡಿಗೆ ತಾಯ್ತನ: ಏಜೆಂಟರಿಗೆ ಫೋನ್ ಮಾಡುವ ಮೊದಲು ಕಾರವಾರಕ್ಕೆ ಹೋಗಿ

ಶಿರಸಿ, ಕುಮಟಾ, ಅಂಕೋಲಾ ಕಡೆಯಿಂದ ಐವಿಎಫ್‌ಗೆ (ಅಂಡಾಣು, ವೀರ್ಯವನ್ನು ಲ್ಯಾಬಿನಲ್ಲಿ ಸೇರಿಸುವ ಚಿಕಿತ್ಸೆ) ಅಂತ ಹುಬ್ಬಳ್ಳಿಗೋ ಮಂಗಳೂರಿಗೋ ಓಡಾಡಿ ಸುಸ್ತಾದವರ ಮೊಬೈಲಿಗೆ ಒಂದಲ್ಲ ಒಂದು ದಿನ ಇಂಥ ಮೆಸೇಜ್ ಬರುತ್ತದೆ: ಬಾಡಿಗೆ ತಾಯಿ, ಅಂಡಾಣು ದಾನಿ, ಆಸ್ಪತ್ರೆ, ವಕೀಲರು ಎಲ್ಲಾ ನಮ್ಮದೇ, ಇಷ್ಟು ಲಕ್ಷದ ಪ್ಯಾಕೇಜ್, ಮಗು ಗ್ಯಾರಂಟಿ. ಆಸೆ ಹುಟ್ಟುವುದು ಸಹಜ. ಆದರೆ ಆ ಪ್ಯಾಕೇಜಿನ ಮೊದಲ ಸಾಲೇ ಕಾನೂನಿಗೆ ವಿರುದ್ಧ.

2021ರಲ್ಲಿ ಎರಡು ಕಾಯಿದೆ ಬಂದವು. ಒಂದು ಬಾಡಿಗೆ ತಾಯ್ತನಕ್ಕೆ, ಇನ್ನೊಂದು ಐವಿಎಫ್, ಅಂಡಾಣು ದಾನ ಇತ್ಯಾದಿಗೆ. ಎರಡೂ 2022ರ ಜನವರಿ 25ರಿಂದ ಜಾರಿಯಲ್ಲಿವೆ. ಹಣಕ್ಕಾಗಿ ಗರ್ಭ ಹೊರುವುದು, ಹೊರಿಸುವುದು, ಅದಕ್ಕೆ ಜಾಹೀರಾತು ಕೊಡುವುದು, ದಲ್ಲಾಳಿ ಇಟ್ಟು ಹೆಂಗಸರನ್ನು ಹುಡುಕಿಸುವುದು ಎಲ್ಲವೂ ಅಪರಾಧ. ಮಾಡಿಸಿದ ಕ್ಲಿನಿಕ್ ಮತ್ತು ದಲ್ಲಾಳಿಗೆ 10 ವರ್ಷದವರೆಗೆ ಜೈಲು, 10 ಲಕ್ಷ ರೂಪಾಯಿವರೆಗೆ ದಂಡ. ದುಡ್ಡು ಕೊಟ್ಟ ದಂಪತಿಯನ್ನೂ ಬಿಡುವುದಿಲ್ಲ, ಅವರಿಗೆ ಮೊದಲ ಸಲಕ್ಕೇ 5 ವರ್ಷದವರೆಗೆ ಜೈಲು, 5 ಲಕ್ಷದವರೆಗೆ ದಂಡ. 'ಗೋವಾದಲ್ಲಿ ರೂಲ್ಸ್ ಬೇರೆ' ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಇದು ಕೇಂದ್ರದ ಕಾಯಿದೆ, ಕಾಳಿ ಸೇತುವೆ ದಾಟಿ ಗೋವಾಕ್ಕೆ ಹೋದ ಕೂಡಲೇ ಬದಲಾಗುವುದಿಲ್ಲ.

ಹಾಗಾದರೆ ಯಾರ ಹತ್ತಿರ ಹೋಗಬೇಕು? ನೋಂದಣಿ ಇರುವ ಸರೊಗಸಿ (ಬಾಡಿಗೆ ತಾಯ್ತನದ) ಕ್ಲಿನಿಕ್ ಮತ್ತು, ದಾನಿಯ ಅಂಡಾಣು ಬೇಕಿದ್ದರೆ, ನೋಂದಣಿ ಇರುವ ಎಆರ್‌ಟಿ ಬ್ಯಾಂಕ್, ಅಂದರೆ ದಾನಿಗಳ ಅಂಡಾಣು, ವೀರ್ಯ ಒದಗಿಸುವ ಬ್ಯಾಂಕ್. ಕಾನೂನು ಒಪ್ಪುವುದು ಈ ಎರಡನ್ನು ಮಾತ್ರ. ಆದರೆ ಅಲ್ಲಿಗೆ ಹೋಗುವುದೂ ಮೊದಲ ಹೆಜ್ಜೆ ಅಲ್ಲ.

ಮೊದಲ ಹೆಜ್ಜೆ: ನೀವು ಈ ದಾರಿಗೆ ಬರಬಹುದಾ?

ಭಾರತೀಯ ದಂಪತಿಯಾಗಿರಬೇಕು, ಹೆಂಡತಿಗೆ 23ರಿಂದ 50, ಗಂಡನಿಗೆ 26ರಿಂದ 55 ವರ್ಷ. ಬದುಕಿರುವ ಮಗು ಇರಬಾರದು, ದತ್ತು ಮಗುವೂ ಲೆಕ್ಕಕ್ಕೆ ಬರುತ್ತದೆ. ಮಗುವಿಗೆ ಮಾನಸಿಕ ಅಥವಾ ದೈಹಿಕ ವೈಕಲ್ಯ, ಇಲ್ಲವೇ ಜೀವಕ್ಕೇ ಅಪಾಯವಾದ ಕಾಯಿಲೆ ಇದ್ದರೆ ವಿನಾಯ್ತಿ ಇದೆ. ವಿಧವೆ ಅಥವಾ ವಿಚ್ಛೇದಿತ ಮಹಿಳೆ 35ರಿಂದ 45ರೊಳಗಿದ್ದರೆ ಒಂಟಿಯಾಗಿಯೂ ಅರ್ಜಿ ಹಾಕಬಹುದು. ಕಾಯಿದೆ ಬರುವ ಮೊದಲೇ ಭ್ರೂಣ ಫ್ರೀಜ್ ಮಾಡಿಸಿಟ್ಟಿದ್ದ ದಂಪತಿಗಳಿಗೆ ಈ ವಯಸ್ಸಿನ ಮಿತಿ ಅನ್ವಯಿಸುವುದಿಲ್ಲ ಅಂತ ಸುಪ್ರೀಂ ಕೋರ್ಟ್ 2025ರ ಅಕ್ಟೋಬರ್‌ನಲ್ಲಿ ಹೇಳಿದೆ. ನೀವು ಆ ಗುಂಪಿನವರಾದರೆ ಕ್ಲಿನಿಕ್ಕಿನಿಂದ ಹಳೇ ದಾಖಲೆ ತೆಗೆಸಿಕೊಳ್ಳಿ.

ಎರಡನೇ ಹೆಜ್ಜೆ: ಜಿಲ್ಲಾ ವೈದ್ಯಕೀಯ ಮಂಡಳಿ

ಬಾಡಿಗೆ ತಾಯಿ ನಿಮಗೆ ನಿಜಕ್ಕೂ ಬೇಕು ಅಂತ ಈ ಮಂಡಳಿ ಬರೆದುಕೊಡಬೇಕು. ಅದರಲ್ಲಿ ಜಿಲ್ಲೆಯ ಹಿರಿಯ ಆರೋಗ್ಯಾಧಿಕಾರಿ, ಸ್ತ್ರೀರೋಗ ತಜ್ಞರು, ಮಕ್ಕಳ ತಜ್ಞರು ಇರುತ್ತಾರೆ. ಗರ್ಭಕೋಶ ಇಲ್ಲದಿರುವುದು, ಕ್ಯಾನ್ಸರಿಗೆ ತೆಗೆದಿರುವುದು, ಐವಿಎಫ್ ಮತ್ತೆ ಮತ್ತೆ ವಿಫಲವಾಗಿರುವುದು, ಕಾರಣ ತಿಳಿಯದೆ ಪದೇ ಪದೇ ಗರ್ಭಪಾತ, ಗರ್ಭ ಧರಿಸಿದರೆ ಜೀವಕ್ಕೇ ಅಪಾಯ ತರುವ ಕಾಯಿಲೆ, ಇಂಥವು ಒಪ್ಪುವ ಕಾರಣಗಳು. ಉತ್ತರ ಕನ್ನಡದವರು ಜಿಲ್ಲಾ ಕೇಂದ್ರ ಕಾರವಾರದಲ್ಲಿ ಜಿಲ್ಲಾ ಆರೋಗ್ಯಾಧಿಕಾರಿ ಕಚೇರಿಗೆ ಹೋಗಿ, ಮಂಡಳಿ ಯಾವಾಗ ಸೇರುತ್ತದೆ, ಅರ್ಜಿ ಯಾರ ಕೈಗೆ ಕೊಡಬೇಕು ಅಂತ ಕೇಳಿಕೊಂಡು ಬನ್ನಿ. ಶಿರಸಿಯವರು ಮಳೆಗಾಲದಲ್ಲಿ ಹೊರಡುವುದಾದರೆ ದೇವಿಮನೆ ಘಟ್ಟ ಓಪನ್ ಇದೆಯಾ ಅಂತ ಮೊದಲು ವಿಚಾರಿಸಿ. ಹಳೇ ಸ್ಕ್ಯಾನ್, ಡಿಸ್ಚಾರ್ಜ್ ಸಮ್ಮರಿ, ಪ್ರತಿ ಐವಿಎಫ್ ಸೈಕಲ್ಲಿನ ರಿಪೋರ್ಟು ಎಲ್ಲವನ್ನೂ ತಾರೀಖಿನ ಪ್ರಕಾರ ಜೋಡಿಸಿ ಒಂದೇ ಫೈಲು ಮಾಡಿಟ್ಟುಕೊಳ್ಳಿ.

ಮೂರನೇ ಹೆಜ್ಜೆ: ಆ ಹೆಂಗಸು ಯಾರು?

ಇಲ್ಲೇ ಸ್ವಲ್ಪ ಜಾಸ್ತಿ ಹೊತ್ತು ನಿಲ್ಲಬೇಕು. ಕಾಯಿದೆ ಪ್ರಕಾರ ಬಾಡಿಗೆ ತಾಯಿಗೆ 25ರಿಂದ 35 ವರ್ಷ ಆಗಿರಬೇಕು, ಮದುವೆಯಾಗಿರಬೇಕು, ಸ್ವಂತ ಮಗು ಇರಬೇಕು, ದೇಹ ಮತ್ತು ಮನಸ್ಸು ಎರಡರ ಆರೋಗ್ಯಕ್ಕೂ ಸರ್ಟಿಫಿಕೇಟ್ ಬೇಕು. ಜೀವನದಲ್ಲಿ ಒಮ್ಮೆ ಮಾತ್ರ ಬಾಡಿಗೆ ತಾಯಿ ಆಗಬಹುದು. ಸಂಬಂಧಿಕಳೇ ಆಗಿರಬೇಕು ಅಂತ ಇಲ್ಲ, ಮನಸಾರೆ ಒಪ್ಪಿದ ಮಹಿಳೆ ಸಾಕು. ಆದರೆ ದುಡ್ಡು ಕೊಡುವಂತಿಲ್ಲವಲ್ಲ, ಹಾಗಾಗಿ ಎಲ್ಲರ ಕಣ್ಣೂ ಹೋಗಿ ನಿಲ್ಲುವುದು ಮನೆಯ ಕಿರಿ ಸೊಸೆಯ ಮೇಲೋ, ತೋಟದ ಕೆಲಸಕ್ಕೆ ಬರುವವಳ ಮೇಲೋ.

ಕಿರಿ ಸೊಸೆ ಹತ್ತು ಜನರ ಎದುರು ಬೇಡ ಅನ್ನುವುದು ಕಷ್ಟ. ಅತ್ತೆ ಕೇಳಿಸಿದರೆ ಇನ್ನೂ ಕಷ್ಟ. ದಯವಿಟ್ಟು ಊಟದ ಪಂಕ್ತಿಯಲ್ಲಿ ಈ ಮಾತು ತೆಗೆಯಬೇಡಿ. ಆಕೆ ಡಾಕ್ಟರ ಜೊತೆ ಒಬ್ಬಳೇ ಕೂತು ಮಾತಾಡಲಿ, ಗಂಡನೂ ಬೇಡ. ಒಪ್ಪಿಗೆ ಪತ್ರ ಆಕೆಗೆ ಅರ್ಥವಾಗುವ ಭಾಷೆಯಲ್ಲೇ ಇರಬೇಕು, ಅಡ್ಡ ಪರಿಣಾಮಗಳನ್ನು ಮೊದಲೇ ತಿಳಿಸಿ ಹೇಳಬೇಕು ಅಂತ ಕಾನೂನಿದೆ. ಕೊಂಕಣಿಯೋ ಮರಾಠಿಯೋ ಮಾತಾಡುವ ಹೆಂಗಸಿನ ಮುಂದೆ ಇಂಗ್ಲಿಷ್ ಫಾರಂ ಇಟ್ಟು 'ಇಲ್ಲಿ ಸಹಿ ಹಾಕಮ್ಮ' ಅನ್ನುವ ಕ್ಲಿನಿಕ್ ಆದರೆ ಅಲ್ಲಿಂದಲೇ ವಾಪಸ್ ಬನ್ನಿ. ಸಹಿ ಹಾಕಿದ ಮೇಲೂ, ಭ್ರೂಣ ಗರ್ಭಕೋಶಕ್ಕೆ ಸೇರಿಸುವವರೆಗೆ ಆಕೆ ಬೇಡ ಅನ್ನಬಹುದು. ಆಗ ಸಿಟ್ಟು ಮಾಡುವಂತಿಲ್ಲ.

ಇನ್ನು ತೋಟದ ಕೆಲಸದವಳ ವಿಷಯ. ಕೈಗೆ ದುಡ್ಡು ಕೊಡುವುದಿಲ್ಲ, ಅವಳ ಸಾಲ ಮನ್ನಾ ಮಾಡುತ್ತೇವೆ, ಮಗನ ಕಾಲೇಜು ಫೀ ಕಟ್ಟುತ್ತೇವೆ ಅಷ್ಟೇ, ಅಂತ ಕೆಲವರು ಲೆಕ್ಕ ಹಾಕುತ್ತಾರೆ. ಅದೂ ತಪ್ಪೇ. ಹಣವೋ ವಸ್ತುವೋ, ಆಕೆಗೋ ಆಕೆಯನ್ನು ನಂಬಿದವರಿಗೋ, ಯಾವ ರೂಪದಲ್ಲಿ ಕೊಟ್ಟರೂ ಅದು ವ್ಯಾಪಾರ ಅಂತಲೇ ಕಾಯಿದೆ ಹೇಳುತ್ತದೆ. ವೈದ್ಯಕೀಯ ಖರ್ಚು, ನಿಯಮದಲ್ಲಿ ಹೇಳಿದ ಇತರ ಖರ್ಚು ಮತ್ತು ವಿಮೆ, ಇಷ್ಟನ್ನು ಮಾತ್ರ ನೀವು ಭರಿಸಬಹುದು, ಭರಿಸಲೇಬೇಕು. ರಶೀದಿ ಇಟ್ಟುಕೊಳ್ಳಿ.

ನಾಲ್ಕನೇ ಹೆಜ್ಜೆ: ಅಂಡಾಣು ಯಾರದ್ದು?

ಸಾಧ್ಯವಿದ್ದರೆ ನಿಮ್ಮಿಬ್ಬರದ್ದೇ ಅಂಡಾಣು, ವೀರ್ಯ. 2023ರ ಮಾರ್ಚ್‌ನಲ್ಲಿ ಸರ್ಕಾರ ಬಾಡಿಗೆ ತಾಯ್ತನದಲ್ಲಿ ದಂಪತಿ ದಾನಿಯ ಅಂಡಾಣು, ವೀರ್ಯ ಬಳಸುವುದನ್ನು ಪೂರ್ತಿ ನಿಲ್ಲಿಸಿತ್ತು. 2024ರ ಫೆಬ್ರುವರಿಯಲ್ಲಿ ಸಡಿಲ ಮಾಡಿತು. ಈಗ ಗಂಡ ಹೆಂಡತಿಯಲ್ಲಿ ಒಬ್ಬರಿಗೆ ವೈದ್ಯಕೀಯ ತೊಂದರೆ ಇದೆ ಅಂತ ಅದೇ ಜಿಲ್ಲಾ ಮಂಡಳಿ ಪ್ರಮಾಣಪತ್ರ ಕೊಟ್ಟರೆ ಒಂದನ್ನು ದಾನಿಯಿಂದ ಪಡೆಯಬಹುದು. ಇನ್ನೊಂದು ನಿಮ್ಮದೇ ಇರಬೇಕು. ವಿಧವೆ, ವಿಚ್ಛೇದಿತೆಯರು ಸ್ವಂತ ಅಂಡಾಣುವನ್ನೇ ಬಳಸಬೇಕು. 'ತಂಗಿಯೇ ಅಂಡಾಣುವನ್ನೂ ಕೊಡುತ್ತಾಳೆ, ಗರ್ಭವನ್ನೂ ಹೊರುತ್ತಾಳೆ' ಅನ್ನುವುದು ನಡೆಯುವುದಿಲ್ಲ. ಬಾಡಿಗೆ ತಾಯಿಯ ಅಂಡಾಣು ಬಳಸುವಂತೆಯೇ ಇಲ್ಲ.

ಎಆರ್‌ಟಿ ಬ್ಯಾಂಕಿಗೆ ಹೋದಾಗ ಈ ಮಾತು ನೆನಪಿರಲಿ: ದಾನಿಗೆ 23ರಿಂದ 35 ವರ್ಷ. ಜೀವನದಲ್ಲಿ ಒಂದೇ ಸಲ ದಾನ, ಏಳಕ್ಕಿಂತ ಹೆಚ್ಚು ಅಂಡಾಣು ತೆಗೆಯುವಂತಿಲ್ಲ. ಹಾರ್ಮೋನ್ ಇಂಜೆಕ್ಷನ್ ಅತಿಯಾದರೆ ಅಂಡಾಶಯ ಊದಿಕೊಂಡು ಹೊಟ್ಟೆಯಲ್ಲಿ ನೀರು ತುಂಬುವ ಅಪಾಯ ಇದೆ, ಕೆಲವೊಮ್ಮೆ ಜೀವಕ್ಕೇ ಸಂಚಕಾರ. ಹಾಗಾಗಿ 'ನಮ್ಮ ದಾನಿ ಇಪ್ಪತ್ತು ಕೊಡುತ್ತಾಳೆ' ಅಂತ ಹೆಮ್ಮೆಯಿಂದ ಹೇಳುವವರ ಹತ್ತಿರ ನಿಲ್ಲಬೇಡಿ. ದಾನಿಗೆ ಎಚ್‌ಐವಿ, ಹೆಪಟೈಟಿಸ್ ಬಿ ಮತ್ತು ಸಿ, ಸಿಫಿಲಿಸ್ ಪರೀಕ್ಷೆ ಆಗಿರಬೇಕು. ಆಕೆಗೆ 12 ತಿಂಗಳ ವಿಮೆ ಮಾಡಿಸುವುದು ನಿಮ್ಮ ಹೊಣೆ. ಒಬ್ಬ ದಾನಿಯದ್ದನ್ನು ಒಂದಕ್ಕಿಂತ ಹೆಚ್ಚು ದಂಪತಿಗೆ ಕೊಡುವಂತಿಲ್ಲ. ಬೆಳ್ಳಗಿರಬೇಕು, ನಮ್ಮ ಜಾತಿಯವಳೇ ಆಗಬೇಕು ಅಂತ ಫೋಟೋ ಆಲ್ಬಮ್ ಕೇಳುವವರಿಗೆ ನಾನೇನು ಹೇಳಲಿ? ಗಂಡು ಮಗುವೇ ಬೇಕು ಅನ್ನುವವರಿಗಂತೂ ಹೇಳುವುದಿದೆ. ಅದು ನೇರ ಅಪರಾಧ.

ಐದನೇ ಹೆಜ್ಜೆ: ಕೋರ್ಟು, ವಿಮೆ, ಕ್ಲಿನಿಕ್

ನೀವು ಮತ್ತು ಬಾಡಿಗೆ ತಾಯಿ ಸೇರಿ ಪ್ರಥಮ ದರ್ಜೆ ಮ್ಯಾಜಿಸ್ಟ್ರೇಟ್ ಕೋರ್ಟಿಗೆ ಅರ್ಜಿ ಹಾಕಿ, ಹುಟ್ಟುವ ಮಗು ನಿಮ್ಮದು, ನಿಮ್ಮ ಸುಪರ್ದಿಗೇ ಬರಬೇಕು ಅಂತ ಆದೇಶ ಪಡೆಯಬೇಕು. ಈ ಆದೇಶವಿಲ್ಲದೆ, ಬಾಡಿಗೆ ತಾಯ್ತನಕ್ಕೆ ಸರ್ಕಾರಿ ಪ್ರಾಧಿಕಾರ ಕೊಡುವ ಅಗತ್ಯತಾ ಪ್ರಮಾಣಪತ್ರದ ಕೆಲಸ ಮುಂದೆ ಹೋಗುವುದಿಲ್ಲ. ಆಕೆಯ ಹೆಸರಲ್ಲಿ 36 ತಿಂಗಳ ಆರೋಗ್ಯ ವಿಮೆ ಬೇಕು, ಹೆರಿಗೆಯ ನಂತರದ ತೊಂದರೆಗಳೂ ಅದರಲ್ಲಿ ಬರಬೇಕು. ಪಾಲಿಸಿ ಪುಟಗಳನ್ನು ವಕೀಲರಿಗೂ ಓದಿಸಿ.

ಕ್ಲಿನಿಕ್ಕಿನಲ್ಲಿ ಮೊದಲು ಗೋಡೆ ನೋಡಿ. ನೋಂದಣಿ ಪತ್ರ ಕಾಣುವ ಹಾಗೆ ತೂಗುಹಾಕಿರಬೇಕು. ಐವಿಎಫ್ ನೋಂದಣಿ ಬೇರೆ, ಸರೊಗಸಿ ನೋಂದಣಿ ಬೇರೆ. ಒಂದಿದ್ದು ಇನ್ನೊಂದು ಇಲ್ಲದ ಜಾಗಗಳೂ ಇವೆ. ಸಾಮಾನ್ಯವಾಗಿ ಒಂದು ಸಲಕ್ಕೆ ಒಂದೇ ಭ್ರೂಣ ಸೇರಿಸಬೇಕು, ವಿಶೇಷ ಸಂದರ್ಭದಲ್ಲಿ ಮಾತ್ರ ಮೂರರವರೆಗೆ. ಬಾಡಿಗೆ ತಾಯಿಯ ಮೇಲೆ ಮೂರಕ್ಕಿಂತ ಹೆಚ್ಚು ಪ್ರಯತ್ನ ಮಾಡುವಂತಿಲ್ಲ. ಮೂರೂ ಕೈಕೊಡಬಹುದು, ಗ್ಯಾರಂಟಿ ಅನ್ನುವುದು ಸುಳ್ಳು.

ಹೆರಿಗೆಗೆ ಹೋಗುವಾಗ ಕೋರ್ಟ್ ಆದೇಶದ ದೃಢೀಕೃತ ಪ್ರತಿ ಜೊತೆಗಿರಲಿ, ಜನನ ನೋಂದಣಿಗೆ ಅದೇ ಆಧಾರ. ಕಾರವಾರದ ಸೀಬರ್ಡ್ ನೌಕಾನೆಲೆಯ ಸಿವಿಲ್ ನೌಕರರಂಥ ಕೇಂದ್ರ ಸರ್ಕಾರಿ ನೌಕರರಿಗೆ 2024ರ ಜೂನ್‌ನಿಂದ ರಜೆಯೂ ಸಿಗುತ್ತದೆ. ಇಬ್ಬರಿಗಿಂತ ಕಡಿಮೆ ಮಕ್ಕಳಿದ್ದರೆ ಮಗು ಪಡೆಯುವ ತಾಯಿಗೆ 180 ದಿನ, ತಂದೆಗೆ 15 ದಿನ. ಬಾಡಿಗೆ ತಾಯಿಯೂ ಕೇಂದ್ರ ನೌಕರಳಾಗಿದ್ದರೆ ಆಕೆಗೂ 180 ದಿನ ಕೊಡಬಹುದು. ತಂದೆಯ ರಜೆಯನ್ನು ಹೆರಿಗೆಯಾದ ಆರು ತಿಂಗಳೊಳಗೆ ತೆಗೆದುಕೊಳ್ಳಬೇಕು, ಅರ್ಜಿಯನ್ನು ಮೊದಲೇ ಕೊಟ್ಟಿಡಿ.